ಇನ್ನಂಜೆಯ ಮೋಟಾರು

ಶಿರ್ವ
ಜೂನ್ 12, 2024

ಪ್ರೀತಿಯ ರಾಯ್‌ಸ್ಟನ್,

ಮೊದಲಿಗೆ ಒಂದು ತಕರಾರು. ನಾನು ಕೊಂಕಣಿಯಲ್ಲಿ ಬರೆದ ಎರಡು ಕಾಗದಗಳು ಹದಿನೈದು ದಿನ ಜೈಲಿನ ಆಫೀಸಿನ ಮೇಜಿನ ಮೇಲೆಯೇ ಕೂತಿದ್ದವಂತೆ. ಒಳಗಿದ್ದವರಿಗೆ ಬಂದ ಕಾಗದವನ್ನು ಅವರು ಓದಿಯೇ ಕೊಡಬೇಕಂತೆ, ಅಲ್ಲಿ ಕೊಂಕಣಿ ಬಲ್ಲವರು ಒಬ್ಬರೂ ಇಲ್ಲವಂತೆ. ಆದ್ದರಿಂದ ಇನ್ನು ಕನ್ನಡ. ಮದುವೆಯಾಗಿ ಹದಿನಾರು ವರ್ಷದ ಮೇಲೆ ಗಂಡನಿಗೆ ಕನ್ನಡದಲ್ಲಿ ಬರೆಯುವುದೆಂದರೆ ಹೆಡ್‌ಮಾಸ್ಟರರಿಗೆ ರಜಾ ಅರ್ಜಿ ಬರೆದ ಹಾಗೆ ಆಗುತ್ತದೆ. ‘ನೀನು’ ಎಂದರೆ ಓದುವ ಸಾಹೇಬರು ಎಂತ ಎಣಿಸಿಯಾರು ಎಂದು ‘ನೀವು’ ಎನ್ನುತ್ತಿದ್ದೇನೆ. ಜಂಬ ಪಡಬೇಡಿ.

ನೀವು ಹೋಗಿ ಒಂದು ತಿಂಗಳಾಯಿತು. ಅದು ಮನೆಯ ಸಾಮಾನುಗಳಿಗೆಲ್ಲ ಹೇಗೋ ಗೊತ್ತಾಗಿದೆ. ಮೊನ್ನೆ ಬಂಗುಡೆ ಮೀನಿನ ಗಸಿಗೆ ಕಾಯಿ ಅರೆಯುವಾಗ ಮಿಕ್ಸಿ ಒಮ್ಮೆ ಗೊರಕೆ ಹೊಡೆದು ನಿಂತಿತು. ಅರ್ಧ ಅರೆದ ಮಸಾಲೆಯನ್ನು ಮಾಂಯ್‌ನ ಹಳೆಯ ಅರೆಯುವ ಕಲ್ಲಿನಲ್ಲಿ ಮುಗಿಸಿದೆ. ಮಾಂಯ್ (ಓದುವ ಸಾಹೇಬರಿಗೆ: ನನ್ನ ಅತ್ತೆಯವರು) ಪಕ್ಕದಲ್ಲಿ ಕೂತು ‘ಹೀಗಲ್ಲ, ಹೀಗೆ’ ಎಂದು ಅರ್ಧ ಗಂಟೆ ಪಾಠ ಮಾಡಿದರು. ಬಚ್ಚಲು ಮನೆಯ ಶೀಟು ಸೋರುತ್ತದೆ. ಡೈನಾಳ ಕೋಣೆಯ ಫ್ಯಾನು ಮೂರರಲ್ಲಿ ಇಟ್ಟರೂ ಒಂದರಲ್ಲಿ ತಿರುಗುತ್ತದೆ. ಊರಿನಲ್ಲಿ ಯಾರ ಪಂಪು ನಿಂತರೂ ‘ರಾಯ್‌ಸ್ಟನ್‌ನನ್ನು ಕರೆಯಿರಿ’ ಎನ್ನುತ್ತಿದ್ದರು. ಈಗ ರಾಯ್‌ಸ್ಟನ್‌ನ ಮನೆಯದೇ ಒಂದೊಂದಾಗಿ ನಿಲ್ಲುತ್ತಿದೆ, ಕರೆಯಲು ಯಾರೂ ಇಲ್ಲ. ಪೇಟೆಯ ವೈರ್‌ಮನ್ ಮ್ಯಾಕ್ಸಿಮ್‌ಗೆ ಹೇಳಿದ್ದೇನೆ. ‘ನಾಳೆ ಬರುತ್ತೇನೆ’ ಎಂದು ಐದು ದಿನವಾಯಿತು.

ಭೇಟಿಗೆ ಬರಬೇಡ, ಕಬ್ಬಿಣದ ಬಲೆಯ ಆಚೆ ನಿನ್ನನ್ನು ನೋಡಲಾರೆ ಎಂದಿರಿ. ಸರಿ, ಬರುವುದಿಲ್ಲ. ವಾರದ ಐದು ನಿಮಿಷದ ಫೋನು ಮಾಂಯ್‌ಗೇ ಇರಲಿ. ಅವರಿಗೆ ಕಾಗದ ಓದಲು ಕಣ್ಣಿಲ್ಲ. ನನಗೆ ಕಾಗದವೇ ಸಾಕು. ಮಿಕ್ಸಿಗೆ ಎಂತ ಮಾಡಬೇಕು, ಬರೆಯಿರಿ.

ನಿಮ್ಮ ಶಾರ್ಲೆಟ್
(ಬೆರಳಿಗೆಲ್ಲ ಮೆಣಸಿನ ಉರಿ)

*

ಜೂನ್ 24, 2024

ಪ್ರೀತಿಯ ಶಾರ್ಲೆಟ್,

ಮೊದಲು ಮೇನ್ ಸ್ವಿಚ್ ಆಫ್ ಮಾಡು. ಯಾವ ರಿಪೇರಿಗೂ ಮೊದಲು ಅದೇ. ಮಿಕ್ಸಿಯನ್ನು ಮಗುಚಿ ಹಾಕು, ಅಡಿಯಲ್ಲಿ ಒಂದು ಸಣ್ಣ ಕೆಂಪು ಬಟನ್ ಉಂಟು, ಒತ್ತು. ಲೋಡ್ ಜಾಸ್ತಿಯಾದರೆ ಅದು ಹೊರಗೆ ಬರುತ್ತದೆ. ಫ್ಯಾನಿಗೆ ಕಂಡೆನ್ಸರ್ ಹೋಗಿರಬೇಕು, ಅದನ್ನು ಮ್ಯಾಕ್ಸಿಮ್ ಹಾಕಲಿ. ನೀನು ಸ್ಟೂಲ್ ಹತ್ತಬೇಡ.

ಈಗ ನಿನ್ನಿಂದ ಒಂದು ಕೆಲಸ ಆಗಬೇಕು. ನಿನಗೆ ಗೊತ್ತಿದ್ದದ್ದನ್ನೇ ಪುನಃ ಬರೆಯುತ್ತೇನೆ, ನಡುವೆ ಓದುವವರಿಗೂ ವಿಷಯ ತಿಳಿಯಲಿ.

ನಾಲ್ಕು ವರ್ಷದ ಹಿಂದೆ, ಜನವರಿಯಲ್ಲಿ, ಇನ್ನಂಜೆಯ ದೇವದಾಸಣ್ಣನ ಬಾವಿಗೆ ಪಂಪು ಕೂರಿಸಿದೆ. ಹಳೆಯ ಮೋಟಾರು. ಅದರ ವೈಂಡಿಂಗ್, ಎಂದರೆ ಒಳಗೆ ಸುತ್ತಿದ ತಂತಿ, ಸರಿ ಇರಲಿಲ್ಲ, ಹೊರಮೈಗೆ ಸ್ವಲ್ಪ ಕರೆಂಟು ಬರುತ್ತಿತ್ತು. ಅರ್ತಿಂಗ್ ಗುಂಡಿ ತೋಡಿ ವೈರ್ ಕೊಟ್ಟಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ. ಆ ಸಂಜೆ ಕಾರ್ಕಳದಲ್ಲಿ ನಿನ್ನ ತಮ್ಮ ಕಾರ್ಲ್‌ನ ಮದುವೆಯ ಮುನ್ನಾದಿನದ ರೋಸ್ ಇತ್ತು. ಮದುಮಗನಿಗೆ ತೆಂಗಿನ ಹಾಲು ಹಚ್ಚಲು ಭಾವ ಇಲ್ಲದಿದ್ದರೆ ಹೇಗೆ? ಗುಂಡಿ ನಾಳೆ ತೋಡುತ್ತೇನೆ ಎಂದು ನಾನೇ ಸ್ವಿಚ್ ಹಾಕಿದೆ, ನಾನೇ ಹೊರಟೆ. ಆರು ಗಂಟೆಗೆ ದೇವದಾಸಣ್ಣ ಕೈಕಾಲು ತೊಳೆಯಲು ಪಂಪಿನ ಹತ್ತಿರ ಹೋದವರು ಮತ್ತೆ ಏಳಲಿಲ್ಲ. ಕೋರ್ಟು ನನಗೆ ಒಂದು ವರ್ಷ ಕೊಟ್ಟಿತು. ಅದು ಹೆಚ್ಚು ಎಂದು ನಾನು ಯಾವತ್ತೂ ಹೇಳಲಿಲ್ಲ.

ವಿಷಯ ಅದಲ್ಲ. ಇಷ್ಟು ವರ್ಷ ಆ ಮೋಟಾರು ಕೇಸಿನ ಸಾಮಾನಾಗಿ ಪೊಲೀಸರ ವಶದಲ್ಲಿತ್ತು. ಕೇಸು ಮುಗಿದ ಮೇಲೆ ದೇವದಾಸಣ್ಣನ ಹೆಂಡತಿ ಪಂಕಜಕ್ಕನಿಗೆ ಹಿಂದೆ ಕೊಟ್ಟಿದ್ದಾರಂತೆ, ವಕೀಲರು ಹೇಳಿದರು. ನೋಡಲು ಅದು ಚೆನ್ನಾಗಿಯೇ ಕಾಣುತ್ತದೆ. ಯಾರಾದರೂ ತಂದು ಕೂರಿಸಿ ಸ್ವಿಚ್ ಹಾಕಿದರೆ ಅದೇ ಬಾವಿಕಟ್ಟೆಯಲ್ಲಿ ಇನ್ನೊಬ್ಬರು. ಇಲ್ಲಿಂದ ನನಗೆ ಏನೂ ಮಾಡಲಾಗುವುದಿಲ್ಲ. ನೀನು ಒಮ್ಮೆ ಹೋಗಿ ಹೇಳು. ವೈಂಡಿಂಗ್ ಮಾಡಿಸದೆ, ಅರ್ತಿಂಗ್ ಹಾಕದೆ ಅದನ್ನು ಮುಟ್ಟಬಾರದು. ಅಷ್ಟೇ ಹೇಳಿ ಬಾ.

ನಿನ್ನ ರಾಯ್‌ಸ್ಟನ್

*

ಶಿರ್ವ
ಜುಲೈ 14, 2024

ಪ್ರೀತಿಯ ರಾಯ್‌ಸ್ಟನ್,

ನಿಮ್ಮ ಕೆಂಪು ಬಟನ್ ತಲುಪುವ ಮೊದಲೇ ಮ್ಯಾಕ್ಸಿಮ್ ಬಂದು ಅದನ್ನೇ ಒತ್ತಿ, ಎರಡು ಸಲ ಚಾ ಕುಡಿದು, ‘ದೊಡ್ಡ ಫಾಲ್ಟ್ ಇತ್ತು ಬಾಯಮ್ಮ’ ಎಂದು ಹೇಳಿ ಹೋಗಿದ್ದಾನೆ. ಕಾಗದ ಬಂದ ಮೇಲೆ ನನಗೆ ಎಷ್ಟು ಸಿಟ್ಟು ಬಂತೆಂದರೆ, ಕೊಟ್ಟ ಚಾ ವಾಪಸು ಕೇಳುವ ಎಂದು ಕಂಡಿತು.

ಮಳೆ ಬಿಡುವ ಲಕ್ಷಣ ಇಲ್ಲ. ದೇವರ ಪೀಠದ ಹಿಂದಿನ ಹಲಗೆಗೆ ಗೆದ್ದಲು ಹಿಡಿದಿದೆ, ಸಂತ ಅಂತೋನಿಯನ್ನು ಟೀವಿಯ ಮೇಲೆ ಕೂರಿಸಿದ್ದೇವೆ. ಬಟ್ಟೆ ಒಣಗುವುದಿಲ್ಲ, ಡೈನಾಳ ಯೂನಿಫಾರಂ ಅನ್ನು ಒಲೆಯ ಮೇಲೆ ಹಿಡಿದು ಒಣಗಿಸಲು ಹೋಗಿ ತೋಳು ಸುಟ್ಟೆ. ಯೂನಿಫಾರಂನದು, ನನ್ನದಲ್ಲ. ಟೈಲರಿಂಗ್ ಅಂಗಡಿಯವಳು ಮಗಳ ತೋಳಿಗೆ ತೇಪೆ ಹಾಕಿ ಕಳಿಸುವುದೆಂದರೆ ಊರಿಗೆಲ್ಲ ನಗೆ. ಬಚ್ಚಲಿನ ಶೀಟಿನ ಅಡಿಗೆ ಬಾಲ್ದಿ ಇಟ್ಟಿದ್ದೆ. ಈಗ ಬಾಲ್ದಿಯೂ ಸೋರುತ್ತಿದೆ.

ಒಂದೇ ಸಮಾಧಾನ ಮಲ್ಲಿಗೆ. ಮಾಂಯ್‌ನ ತಂಗಿಯ ಮನೆಯಿಂದ ಒಳ್ಳೆಯ ಗಿಡ ತಂದು, ಅಡುಗೆಮನೆಯ ಹಿಂದಿನ ಗೋಡೆಯ ಬುಡದಲ್ಲಿ ನಾಲ್ಕು ಗುಂಡಿ ತೋಡಿ ನೆಟ್ಟೆ. ಅಲ್ಲಿ ಮಣ್ಣಿನ ಒಳಗಿನಿಂದ ಒಂದು ತುಕ್ಕು ಹಿಡಿದ ತಂತಿ ಅಡ್ಡ ಬರುತ್ತಿತ್ತು, ನಿಮ್ಮದೇ ಯಾವುದೋ ಹಳೆಯ ಗುಜರಿ. ಕತ್ತಿಯಿಂದ ಕಡಿದು ಬಿಸಾಡಿದೆ. ಮುಂದಿನ ವರ್ಷ ನೀವು ಬರುವಾಗ ಮೊಗ್ಗು ಬಿಟ್ಟಿರುತ್ತದೆ.

ಇನ್ನಂಜೆಯ ವಿಷಯ ನೋಡುವ. ಈಗ ಗದ್ದೆ ನಾಟಿಯ ಸಮಯ, ಅವರಿಗೂ ಪುರುಸೊತ್ತು ಇರಲಿಕ್ಕಿಲ್ಲ. ಮಳೆಗಾಲದಲ್ಲಿ ಪಂಪು ಯಾರಿಗೆ ಬೇಕು?

ನಿಮ್ಮ ಶಾರ್ಲೆಟ್
(ಉಗುರಿನಲ್ಲಿ ಮಲ್ಲಿಗೆ ಮಣ್ಣು)

*

ಜುಲೈ 25, 2024

ಶಾರ್ಲೆಟ್,

ಈ ಕಾಗದ ಕೈಗೆ ಬಂದ ಕೂಡಲೇ ಮೇನ್ ಆಫ್ ಮಾಡು. ಓದುವುದು ಆಮೇಲೆ.

ನೀನು ಕಡಿದದ್ದು ಗುಜರಿ ಅಲ್ಲ, ನಮ್ಮ ಮನೆಯ ಅರ್ತಿಂಗ್ ವೈರ್. ಮನೆಯ ಎಲ್ಲಾ ಸಾಮಾನಿನಿಂದ ಸೋರಿದ ಕರೆಂಟು ಅದರ ಮೂಲಕ ಮಣ್ಣಿಗೆ ಇಳಿಯುತ್ತದೆ. ನಮ್ಮ ಫ್ರಿಡ್ಜಿನ ಹೊರಮೈಗೆ ಎರಡು ವರ್ಷದಿಂದ ಸಣ್ಣಗೆ ಕರೆಂಟು ಬರುತ್ತದೆ. ಅರ್ತಿಂಗ್ ಗಟ್ಟಿ ಇತ್ತು, ಬದಲಾಯಿಸಿದರಾಯಿತು ಎಂದು ನಾನು ನಾಳೆ ನಾಳೆ ಎನ್ನುತ್ತಾ ಬಂದೆ. ಫ್ರಿಡ್ಜಿನ ಪ್ಲಗ್ ಕಿತ್ತು ಹಾಕು. ಒದ್ದೆ ಕೈಯಲ್ಲಿ, ಬರಿಗಾಲಲ್ಲಿ ಯಾರೂ ಮುಟ್ಟಬಾರದು.

ನಿನ್ನ ಕಾಗದ ಸಿಕ್ಕಿದ್ದು ಇವತ್ತು ಬೆಳಿಗ್ಗೆ. ಬರೆದು ಹನ್ನೊಂದು ದಿನ. ಓದಿದ ಕೂಡಲೇ ಓಡಿದೆ. ವಾರ್ಡರ್ ಚೆನ್ನಪ್ಪನವರಿಗೆ ಕೈಮುಗಿದೆ. ಅವರು ಒಳ್ಳೆಯವರು, ನನ್ನ ದಿನ ಅಲ್ಲದಿದ್ದರೂ ಫೋನು ಕೊಡಿಸಿದರು. ಇಲ್ಲಿ ಬರೆಸಿದ್ದು ಮನೆಯ ನಂಬರ್ ಮಾತ್ರ, ನಿನ್ನ ಮೊಬೈಲಿಗೆ ಬಿಡುವುದಿಲ್ಲ. ಅಮ್ಮ ಎತ್ತಿದರು, ಅವರ ಕಿವಿ ನಿನಗೆ ಗೊತ್ತಲ್ಲ. ‘ಫ್ರಿಡ್ಜ್, ಫ್ರಿಡ್ಜ್’ ಎಂದು ಐದು ನಿಮಿಷ ಕಿರುಚಿದೆ. ‘ಫ್ರಿಡ್ಜ್ ಒಳ್ಳೆದುಂಟು ಬಾಬಾ, ಮೀನು ತುಂಬಾ ಉಂಟು, ನೀನು ಊಟ ಮಾಡಿದ್ದೀಯಾ’ ಎಂದು ಕೇಳಿದರು. ಅಷ್ಟಕ್ಕೆ ಲೈನು ಕಟ್ಟಾಯಿತು, ಮುಂದಿನ ವಾರದ ಫೋನೂ ಅದರ ಲೆಕ್ಕಕ್ಕೇ ಹೋಯಿತು.

ಹಾಗಾಗಿ ಈ ಕಾಗದ. ಎಂಟು ದಿನಕ್ಕಾದರೂ ಮುಟ್ಟಬಹುದು. ಎಂಟು ದಿನ ನಾನು ಇಲ್ಲಿ ಎಂತ ಮಾಡಲಿ?

ನಿನಗೆ ಇನ್ನೊಂದು ಹೇಳಬೇಕು. ಇದಕ್ಕೆ ಮೊದಲು ನಿನ್ನ ಕಾಗದ ಬಂದರೆ ಇಲ್ಲಿ ಹಬ್ಬವೇ. ಮಿಕ್ಸಿ ಸರಿಯಾಯಿತಾ ಎಂದು ಚೆನ್ನಪ್ಪನವರು ಎರಡು ಸಲ ವಿಚಾರಿಸಿದ್ದರು. ನನ್ನ ಪಕ್ಕ ಮಲಗುವವನಿಗೆ ಎರಡು ವರ್ಷದಿಂದ ಒಂದು ಕಾಗದ ಬಂದಿಲ್ಲ. ‘ನಿನ್ನ ಬಚ್ಚಲು ಸೋರುವುದನ್ನು ಓದು ಮಾರಾಯ’ ಎಂದು ಕೇಳಿ ಓದಿಸುತ್ತಾನೆ. ಸೋರುವ ಬಚ್ಚಲೂ ಒಂದು ಭಾಗ್ಯ ಎಂದು ನನಗೆ ಇಲ್ಲಿ ಬಂದ ಮೇಲೆ ಗೊತ್ತಾಗಿದೆ. ಬೇಗ ಬರೆ. ಎಲ್ಲರೂ ಸುಖ ಎಂದು ಒಂದೇ ಗೆರೆ ಬರೆ.

ರಾಯ್‌ಸ್ಟನ್

*

ಶಿರ್ವ
ಆಗಸ್ಟ್ 11, 2024

ರಾಯ್‌ಸ್ಟನ್,

ಡೈನಾ ಬದುಕಿದ್ದಾಳೆ. ಅದನ್ನು ಮೊದಲ ಗೆರೆಯಲ್ಲೇ ಬರೆದಿದ್ದೇನೆ, ಈಗ ಉಸಿರು ಬಿಡು.

ನಿನ್ನ ಕಾಗದ ಬಂದದ್ದು ಆಗಸ್ಟ್ ಐದಕ್ಕೆ. ಅವಳಿಗೆ ಶಾಕ್ ಹೊಡೆದದ್ದು ಒಂದಕ್ಕೆ. ಶಾಲೆಯಿಂದ ನೆನೆದುಕೊಂಡು ಬಂದವಳು ಬರಿಗಾಲಲ್ಲೇ ಅಡುಗೆಮನೆಗೆ ಹೋಗಿ ಫ್ರಿಡ್ಜಿನ ಹಿಡಿಗೆ ಕೈ ಹಾಕಿದ್ದಾಳೆ. ನಾನು ಅಂಗಡಿಯಿಂದ ಆಗಷ್ಟೇ ಬಂದು ಛತ್ರಿ ಕೊಡವುತ್ತಿದ್ದೆ. ಅವಳು ಕೂಗಲಿಲ್ಲ. ಒಂಥರಾ ಗಂಟಲಿನ ಶಬ್ದ ಬಂತು, ಅಷ್ಟೇ. ನಾನು ಅವಳನ್ನು ಮುಟ್ಟಲು ಓಡಿದೆ. ಆಗ ನಿನ್ನ ಮಾತು ಕಿವಿಯಲ್ಲಿ ಹೊಡೆಯಿತು. ಮೊದಲು ಮೇನ್. ತಿರುಗಿ ಓಡಿ ಮೇನ್ ಇಳಿಸಿದೆ. ಅಡುಗೆಮನೆಯಿಂದ ವರಾಂಡಕ್ಕೆ ಹನ್ನೊಂದು ಹೆಜ್ಜೆ, ಆಮೇಲೆ ಎಣಿಸಿದ್ದೇನೆ. ಮಗಳನ್ನು ಅಲ್ಲಿ ಬಿಟ್ಟು ಬೆನ್ನು ಹಾಕಿ ಓಡಿದ ಆ ಹನ್ನೊಂದು ಹೆಜ್ಜೆ ನನ್ನ ಆಯುಷ್ಯದಲ್ಲಿ ಮರೆಯುವುದಿಲ್ಲ.

ಪಕ್ಕದ ಮನೆಯವರು ಕಾರಿನಲ್ಲಿ ಮಣಿಪಾಲಕ್ಕೆ ಕರೆದುಕೊಂಡು ಹೋದರು. ಎರಡು ದಿನ ಎದೆಗೆ ವೈರುಗಳನ್ನು ಅಂಟಿಸಿ ನೋಡಿದರು. ಬಲಗೈಯ ಎರಡು ಬೆರಳು ಸುಟ್ಟಿದೆ, ಹೃದಯಕ್ಕೆ ಏನೂ ಆಗಿಲ್ಲ ಎಂದರು. ನನ್ನ ಹೃದಯವನ್ನು ಯಾರೂ ನೋಡಲಿಲ್ಲ.

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನಾನು ಬೈದದ್ದು ನಿನ್ನನ್ನು. ಹೌದು, ನೀನು ಎನ್ನುತ್ತೇನೆ, ಓದುವವರು ಓದಲಿ. ಊರಿಗೆಲ್ಲ ಪಂಪು ಕಟ್ಟಿದವನು ಸ್ವಂತ ಮನೆಯ ಫ್ರಿಡ್ಜಿಗೆ ನಾಳೆ ಎಂದೆ. ಬೈದು ಬೈದು ಸುಸ್ತಾದ ಮೇಲೆ ಗೊತ್ತಾಯಿತು, ವೈರ್ ಕಡಿದ ಕತ್ತಿ ನನ್ನ ಕೈಯಲ್ಲಿ ಇತ್ತು. ಮಲ್ಲಿಗೆ ಗಿಡಕ್ಕೋಸ್ಕರ.

ಆಮೇಲೆ ಇನ್ನೊಂದು ನೆನಪಾಯಿತು. ನಾಲ್ಕು ವರ್ಷದಿಂದ ನಾನು ನೆನಪು ಮಾಡಿಕೊಳ್ಳದೆ ಇದ್ದದ್ದು. ಆ ದಿನ ಇನ್ನಂಜೆಯಲ್ಲಿದ್ದ ನಿನಗೆ ಮೂರು ಸಲ ಫೋನು ಮಾಡಿದವಳು ನಾನು. ‘ಗುಂಡಿ ನಾಳೆ ತೋಡಿದರೆ ಎಂತ ಕೊಳ್ಳೆ ಹೋಗುತ್ತದೆ? ರೋಸ್‌ಗೆ ಭಾವ ಬರಲಿಲ್ಲ ಎಂದು ನನ್ನ ಮನೆಯವರ ಎದುರು ನನ್ನ ಮರ್ಯಾದೆ ಹೋಗುತ್ತದೆ’ ಎಂದೆ. ಮೂರನೆಯ ಸಲ ಅತ್ತುಬಿಟ್ಟೆ. ನೀನು ಇದನ್ನು ಪೊಲೀಸರಿಗೂ ಹೇಳಲಿಲ್ಲ, ಕೋರ್ಟಿನಲ್ಲೂ ಹೇಳಲಿಲ್ಲ, ಜಗಳದಲ್ಲಿ ಒಂದು ದಿನವೂ ನನ್ನ ಮುಖಕ್ಕೆ ಹಿಡಿಯಲಿಲ್ಲ. ಜೂನಿನ ಕಾಗದದಲ್ಲೂ ‘ನಾನೇ ಹೊರಟೆ’ ಎಂದೇ ಬರೆದಿದ್ದೀ.

ಇನ್ನಂಜೆಗೆ ಹೋಗಲು ನನಗೆ ಪುರುಸೊತ್ತು ಇರಲಿಲ್ಲ ಎಂಬುದು ಸುಳ್ಳು. ಮುಖ ಇರಲಿಲ್ಲ.

ಶಾರ್ಲೆಟ್

*

ಆಗಸ್ಟ್ 22, 2024

ಶಾರ್ಲೆಟ್,

ಕಾಗದ ಬಂತು. ಚೆನ್ನಪ್ಪನವರು ಕೊಡುವಾಗಲೇ ‘ಮಗು ಹುಷಾರುಂಟು, ಹೆದರದೆ ಓದು’ ಎಂದರು. ಅವರ ಕಣ್ಣು ಕೆಂಪಗಿತ್ತು.

ಫೋನಿನ ವಿಷಯ ಇನ್ನು ಬರೆಯಬೇಡ. ಫೋನು ಯಾರೂ ಮಾಡಬಹುದು. ಸ್ಕ್ರೂಡ್ರೈವರ್ ಇದ್ದದ್ದು ನನ್ನ ಕೈಯಲ್ಲಿ.

ಮ್ಯಾಕ್ಸಿಮ್‌ನಿಂದ ಹೊಸ ಅರ್ತಿಂಗ್ ಮಾಡಿಸು. ಮೂರು ಅಡಿಯಲ್ಲಿ ನಿಲ್ಲಿಸುತ್ತಾನೆ, ಎಂಟು ಅಡಿ ತೋಡಿಸು. ಪೈಪಿನ ಸುತ್ತ ಒಂದು ಪದರ ಇದ್ದಿಲು, ಒಂದು ಪದರ ಕಲ್ಲುಪ್ಪು. ನೀನು ಪಕ್ಕದಲ್ಲಿ ನಿಂತು ನೋಡು.

ಬೆರಳು ಈಗ ಹೇಗುಂಟು? ಅವಳಿಗೆ ಪೆನ್ನು ಹಿಡಿಯಲು ಆಗುತ್ತದಾ?

ರಾಯ್‌ಸ್ಟನ್

*

ಶಿರ್ವ
ಸೆಪ್ಟೆಂಬರ್ 9, 2024

ಪ್ರೀತಿಯ ರಾಯ್‌ಸ್ಟನ್,

ಇನ್ನಂಜೆಗೆ ಹೋಗಿ ಬಂದೆ. ಅರ್ತಿಂಗ್ ಎಂಟು ಅಡಿ ಆಗಿದೆ. ಡೈನಾ ಪೆನ್ನು ಹಿಡಿಯುತ್ತಾಳೆ, ಅಕ್ಷರ ಮೊದಲೂ ಕೋಳಿ ಕೆದರಿದ ಹಾಗೆ ಇತ್ತು, ಈಗಲೂ ಹಾಗೇ. ಇನ್ನು ಉಳಿದದ್ದು ಕೇಳು.

ಬಸ್ಸಿಳಿದು ಗದ್ದೆಯ ಬದುವಿನಲ್ಲಿ ನಡೆಯುವಾಗ ಎರಡು ಸಲ ಹಿಂದೆ ತಿರುಗಿದೆ. ಪಂಕಜಕ್ಕ ಬಾವಿಕಟ್ಟೆಯಲ್ಲಿದ್ದರು. ರಾಟೆಗೆ ಹಗ್ಗ ಹಾಕಿ ಕೈಯಲ್ಲಿ ನೀರು ಎಳೆಯುತ್ತಿದ್ದರು. ನನ್ನನ್ನು ನೋಡಿದರು, ಎಳೆಯುವುದು ನಿಲ್ಲಿಸಲಿಲ್ಲ. ನಾವು ಮಾತಾಡಿದ್ದು ತುಳುವಿನಲ್ಲಿ, ಸಾಹೇಬರಿಗೋಸ್ಕರ ಕನ್ನಡಕ್ಕೆ ತಂದಿದ್ದೇನೆ.

“ನಾನು ರಾಯ್‌ಸ್ಟನ್‌ನ ಹೆಂಡತಿ” ಎಂದೆ.

“ಗೊತ್ತುಂಟು. ಕೋರ್ಟಿನಲ್ಲಿ ನೋಡಿದ್ದೇನೆ. ಎಂತ ಆಗಬೇಕಿತ್ತು ಬಾಯಮ್ಮ?”

“ಆ ಮೋಟಾರು...”

“ಕೊಟ್ಟಿಗೆಯಲ್ಲಿ ಉಂಟು. ಕಾಪುವಿನಿಂದ ನನ್ನ ಅಣ್ಣ ಒಬ್ಬರನ್ನು ಗೊತ್ತು ಮಾಡಿದ್ದಾನೆ. ಚೌತಿ ಕಳೆದ ಮೇಲೆ ಬುಧವಾರ ಕೂರಿಸುತ್ತಾರೆ. ನನ್ನ ರಟ್ಟೆಯಲ್ಲಿ ಇನ್ನು ಶಕ್ತಿ ಇಲ್ಲ.”

ಆ ಬುಧವಾರಕ್ಕೆ ಐದೇ ದಿನ ಇತ್ತು, ರಾಯ್‌ಸ್ಟನ್. ನಾನು ಜುಲೈಯಲ್ಲಿ ‘ನೋಡುವ’ ಎಂದು ಬರೆದು ಮಲ್ಲಿಗೆ ನೆಟ್ಟವಳು. ಬಾವಿಕಟ್ಟೆಯ ಮೇಲೆಯೇ ಕೂತೆ. ಎಲ್ಲಾ ಹೇಳಿದೆ. ಅದರ ವೈಂಡಿಂಗ್ ಕೆಟ್ಟಿದೆ, ಹಾಗೇ ಕೂರಿಸಬಾರದು ಎಂದೆ. ಡೈನಾಳ ಬೆರಳಿನ ವಿಷಯ ಹೇಳಿದೆ. ಕತ್ತಿಯ ವಿಷಯ ಹೇಳಿದೆ. ಕೊನೆಗೆ ಫೋನಿನದ್ದೂ ಹೇಳಿದೆ.

“ಆ ದಿನ ಮೂರು ಸಲ ಫೋನು ಮಾಡಿ ಅವರನ್ನು ಎಬ್ಬಿಸಿದ್ದು ನಾನು, ಪಂಕಜಕ್ಕ. ತಮ್ಮನ ರೋಸ್‌ಗೆ. ಇಲ್ಲದಿದ್ದರೆ ಅವರು ಗುಂಡಿ ತೋಡಿಯೇ ಬರುತ್ತಿದ್ದರು.”

ಅವರು ಇನ್ನೊಂದು ಸಲ ನೀರು ಎಳೆದು ಸುರಿದರು. ಕೊಡಪಾನ ತುಂಬಿ ತುಳುಕುತ್ತಿತ್ತು. ಆಮೇಲೆ ಹಗ್ಗವನ್ನು ನನ್ನ ಕೈಗೆ ಕೊಟ್ಟರು.

“ನೀರು ಎಳೆಯಲು ಬರ್ತದಾ?”

“ಸಣ್ಣವಳಿರುವಾಗ ಎಳೆದಿದ್ದೇನೆ.”

“ಹಾಗಾದರೆ ಎಳೆಯಿರಿ.”

ಎಳೆದೆ. ಇಪ್ಪತ್ತೆರಡು ಕೊಡ. ಅವರು ಹೊತ್ತುಕೊಂಡು ಹೋಗಿ ತೊಟ್ಟಿಗೆ ಸುರಿದು ಬಂದು ಖಾಲಿ ಕೊಡ ಇಡುವುದು, ನಾನು ತುಂಬಿಸುವುದು. ಅಂಗೈ ಸಿಪ್ಪೆ ಎದ್ದಿತು. ನಾಲ್ಕು ವರ್ಷ ಅವರು ದಿನಾ ಇದನ್ನೇ ಮಾಡಿದ್ದಾರೆ. ಮಿಕ್ಸಿ ನಿಂತಿತು ಎಂದು ನಾನು ನಿನಗೆ ಎರಡು ಪುಟ ಬರೆದಿದ್ದೆ. ಅದನ್ನು ನೆನೆದು ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಇನ್ನೊಂದು ಕಂಡಿತು. ಬರೆಯಲು ನನಗೆ ನೀನು ಇದ್ದೀ. ಬಲೆಯ ಆಚೆಯಾದರೂ ಇದ್ದೀ. ಆ ಹೆಂಗಸು ತನ್ನ ಮಿಕ್ಸಿ ನಿಂತದ್ದನ್ನು ಯಾರಿಗೆ ಹೇಳಬೇಕು?

ತೊಟ್ಟಿ ತುಂಬಿದ ಮೇಲೆ “ಮೂರೂವರೆಯ ಬಸ್ಸು ಉಂಟು, ಹೋಗಿ” ಎಂದರು. ಮನೆಗೆ ಬಂದವರಿಗೆ ಬೆಲ್ಲ ನೀರು ಕೊಡದ ಮನೆ ಆ ಊರಿನಲ್ಲಿ ಇಲ್ಲ. ನನಗೆ ಕೊಡಲಿಲ್ಲ. ಬುಧವಾರದ ವಿಷಯ ಎಂತ ಮಾಡುತ್ತಾರೆ ಎಂದೂ ಹೇಳಲಿಲ್ಲ. ನಾನು ಹೇಳಬೇಕಾದ್ದನ್ನು ಹೇಳಿ ಬಂದಿದ್ದೇನೆ, ಅದರ ಮೇಲೆ ನನ್ನ ಕೈಯಲ್ಲಿ ಏನೂ ಇಲ್ಲ.

ನಿನ್ನೆ ಮೊಂತಿ ಹಬ್ಬ, ಮಾತೆ ಮರಿಯಳ ಹುಟ್ಟುಹಬ್ಬ. ಇಗರ್ಜಿಯಿಂದ ಹೊಸ ತೆನೆ ತಂದೆವು. ಮಾಂಯ್ ಮನೆಯಲ್ಲಿದ್ದವರಿಗೆಲ್ಲ ಹೊಸ ಅಕ್ಕಿಯ ಹಾಲು ಹಂಚಿ, ನಿನ್ನ ಪಾಲಿನ ಮೂರು ಕಾಳು ತೆಗೆದಿಟ್ಟರು. ಇದರ ಜೊತೆ ಇಟ್ಟಿದ್ದೇನೆ. ಓದುವ ಸಾಹೇಬರೇ, ಇದು ಹಬ್ಬದ ಭತ್ತ, ಬೇರೆ ಎಂತದ್ದೂ ಅಲ್ಲ. ದಯಮಾಡಿ ಬಿಡಿ.

ನಿನ್ನ ಶಾರ್ಲೆಟ್
(ಎರಡೂ ಅಂಗೈಗೆ ತೆಂಗಿನೆಣ್ಣೆ)

*

ಇನ್ನಂಜೆ
ನವೆಂಬರ್ 20, 2024

ರಾಯ್‌ಸ್ಟನ್ ಅವರಿಗೆ,

ಪಂಕಜಾ ಬರೆಯುವುದು. ವಿಳಾಸವನ್ನು ನಿಮ್ಮ ಹೆಂಡತಿಯ ಅಂಗಡಿಗೆ ಹೋಗಿ ತಂದೆ. ನನಗೆ ಕಾಗದ ಬರೆದು ಅಭ್ಯಾಸ ಇಲ್ಲ, ಎರಡು ತಿಂಗಳಿಂದ ಬರೆದು ಹರಿದು ಹಾಕುತ್ತಿದ್ದೇನೆ.

ಬುಧವಾರ ಬಂದವರನ್ನು ಹಿಂದೆ ಕಳಿಸಿದೆ. ಅಣ್ಣನಿಗೆ ಸಿಟ್ಟು ಬಂದಿದೆ.

ನಿಮ್ಮ ಹೆಂಡತಿ ಬಂದು ತಾನು ಫೋನು ಮಾಡಿದ್ದೇ ಕಾರಣ ಎಂದು ಅತ್ತರು. ಆಗ ನನ್ನದನ್ನು ಹೇಳಲು ಧೈರ್ಯ ಬರಲಿಲ್ಲ. ಬೆಲ್ಲ ನೀರು ಕೊಡಲೂ ತೋಚಲಿಲ್ಲ. ಬಂದವರಿಂದ ನೀರು ಎಳೆಸಿದೆ. ಅದನ್ನು ನೆನೆದರೆ ಈಗ ನನಗೆ ಒಂಥರಾ ಆಗುತ್ತದೆ.

ಆ ದಿನ ನೀವು ಮೋಟಾರು ಕೂರಿಸಿ, ಕರೆಂಟು ಕೊಡದೆ ಹೊರಟಿದ್ದಿರಿ. ಅರ್ತಿಂಗ್ ಆಗದೆ ಸ್ವಿಚ್ ಹಾಕಬಾರದು, ನಾಳೆ ಬಂದು ಮಾಡುತ್ತೇನೆ ಎಂದಿರಿ. ಮರುದಿನ ನಮ್ಮಲ್ಲಿ ಸತ್ಯನಾರಾಯಣ ಪೂಜೆ, ನಲವತ್ತು ಜನರ ಊಟ. ತೊಟ್ಟಿಯಲ್ಲಿ ಒಂದು ಹನಿ ಇರಲಿಲ್ಲ. ನೀವು ಸ್ಕೂಟರ್ ಹತ್ತಿದ ಮೇಲೆ ಅಡ್ಡ ನಿಂತು, “ಇವತ್ತು ಒಂದು ದಿನ ಹಾಕಿಕೊಡಿ, ನಿಮ್ಮ ಕಾಲಿಗೆ ಬೀಳುತ್ತೇನೆ” ಎಂದವಳು ನಾನು. ನೀವು ಗಡಿಯಾರ ನೋಡಿದಿರಿ, ಇಳಿದು ಬಂದು ಹಾಕಿದಿರಿ. ಹಾಕಿದ್ದು ನಿಮ್ಮ ಕೈ. ಹಾಕಿಸಿದ್ದು ನನ್ನ ಬಾಯಿ.

ಕೋರ್ಟಿನಲ್ಲಿ ವಕೀಲರು ಕೇಳಿದಾಗ “ಅವರೇ ಹಾಕಿದ್ದು” ಎಂದಷ್ಟೇ ಹೇಳಿದೆ. ನೀವು ಎದುರಿನ ಕಟಕಟೆಯಲ್ಲಿ ಇದ್ದಿರಿ. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ನಾನು ಸೆರಗು ಹಿಡಿದು ನಿಂತಿದ್ದೆ. ನೀವು ತಲೆ ಬಗ್ಗಿಸಿದಿರಿ. ಮನೆಗೆ ಬಂದು ನಿಮಗೆ ಶಾಪ ಹಾಕಿದೆ. ಹೇಳಿದ್ದರೆ ನನಗೆ ಇಷ್ಟು ಭಾರ ಆಗುತ್ತಿರಲಿಲ್ಲ.

ಕ್ಷಮಿಸಿದೆ ಎಂದು ಬರೆಯಲು ನನಗೆ ಬರುವುದಿಲ್ಲ. ಯಾರನ್ನು ಕ್ಷಮಿಸುವುದು ಎಂದೂ ಗೊತ್ತಿಲ್ಲ. ನಮ್ಮವರು ಇದ್ದಿದ್ದರೆ ನನಗೆ ಬೈಯುತ್ತಿದ್ದರು. ಬೈಗುಳ ಕೇಳದೆ ನಾಲ್ಕು ವರ್ಷ ಆಯಿತು.

ಮೋಟಾರನ್ನು ಗೋಣಿಯಲ್ಲಿ ಕಟ್ಟಿ ಅಟ್ಟದಲ್ಲಿ ಇಟ್ಟಿದ್ದೇನೆ, ಯಾರಿಗೂ ಕೊಡುವುದಿಲ್ಲ. ನಾಳೆ ಬರುತ್ತೇನೆ ಎಂದು ಹೋದವರು ನೀವು. ಬಂದು ಆ ಕೆಲಸ ಮುಗಿಸಿ. ಗುಂಡಿಗೆ ಇದ್ದಿಲು ಬೇಕು, ಜೋಡಿಸಿ ಇಡಿ ಎಂದು ಆ ದಿನ ನೀವು ಹೇಳಿದ್ದಿರಿ. ಬಚ್ಚಲು ಒಲೆಯದ್ದನ್ನು ಎತ್ತಿ ಇಡುವ ಅಭ್ಯಾಸ ಆಮೇಲೆ ಬಿಟ್ಟುಹೋಗಲಿಲ್ಲ. ಎರಡು ಗೋಣಿ ತುಂಬಿದೆ.

ಪಂಕಜಾ

*

ಶಿರ್ವ
ಫೆಬ್ರವರಿ 16, 2025

ಪ್ರೀತಿಯ ರಾಯ್‌ಸ್ಟನ್,

ಈ ವಾರದ್ದು ಇಷ್ಟು. ಗ್ರೈಂಡರಿನ ಬೆಲ್ಟು ಹೋಗಿದೆ. ಬಾವಿಯ ಹಗ್ಗ ತುಂಡಾಗಿ ಕೊಡಪಾನ ಒಳಗೆ ಬಿದ್ದಿದೆ. ಮಾಂಯ್‌ನ ಹಲ್ಲಿನ ಸೆಟ್ಟು ನಾಪತ್ತೆ, ಮೂರನೆಯ ದಿನ ಉಪ್ಪಿನಕಾಯಿ ಭರಣಿಯ ಹಿಂದೆ ಸಿಕ್ಕಿತು. ನಾಲ್ಕು ಮಲ್ಲಿಗೆ ಗಿಡದಲ್ಲಿ ಮೂರು ಸತ್ತಿವೆ. ಉಳಿದ ಒಂದರಲ್ಲಿ ಏಳು ಮೊಗ್ಗು ಬಿಟ್ಟಿದೆ, ಏಳನ್ನೇ ಕಟ್ಟಿ ಡೈನಾಳ ಜಡೆಗೆ ಮುಡಿಸಿದೆ. ಅವಳು ಫ್ರಿಡ್ಜ್ ತೆರೆಯಲು ಈಗಲೂ ಚಪ್ಪಲಿ ಹಾಕಿಕೊಂಡು, ಟವೆಲು ಸುತ್ತಿಯೇ ಹಿಡಿಯನ್ನು ಮುಟ್ಟುತ್ತಾಳೆ. ಆಮೇಲೆ ಅವಳು ‘ಇದರಲ್ಲಿ ತಿನ್ನಲು ಎಂತದ್ದೂ ಇಲ್ಲ’ ಎಂದು ಗೊಣಗುತ್ತಾಳೆ. ಆ ಗೊಣಗಾಟ ಕೇಳಿದರೆ ಸಾಕು, ದೇವರಿಗೆ ಕೈಮುಗಿಯುತ್ತೇನೆ.

ಪ್ರತಿ ಆದಿತ್ಯವಾರ ಪೂಜೆ ಮುಗಿಸಿ ಇನ್ನಂಜೆಗೆ ಹೋಗುತ್ತೇನೆ, ನೀರು ಎಳೆಯುತ್ತೇನೆ. ನಾವು ಹೆಚ್ಚು ಮಾತಾಡುವುದಿಲ್ಲ. ಕಳೆದ ವಾರ ಪಂಕಜಕ್ಕ ತಮ್ಮ ಕುಕ್ಕರಿನ ವಿಷಲ್ ಕೂಗುವುದಿಲ್ಲ ಎಂದು ಹೇಳಿದರು. ರಾಯ್‌ಸ್ಟನ್, ಅವರು ನನಗೆ ಒಂದು ತಾಪತ್ರಯ ಹೇಳಿದರು! ಬಸ್ಸಿನಲ್ಲಿ ಬರುವಾಗ ನನಗೆ ಅಳು ಬಂತು.

ಒಳ್ಳೆಯದಲ್ಲದ ಸುದ್ದಿಯೂ ಒಂದು ಉಂಟು, ಮುಚ್ಚಿಡುವುದಿಲ್ಲ. ವಿದ್ಯುತ್ ಇಲಾಖೆಯಿಂದ ರಿಜಿಸ್ಟರ್ ಕಾಗದ ಬಂದಿದೆ. ನಿನ್ನ ವೈರ್‌ಮನ್ ಪರ್ಮಿಟ್ ರದ್ದು. ಇನ್ನು ನೀನು ಯಾರ ಮನೆಯ ಲೈನನ್ನೂ ಮುಟ್ಟುವ ಹಾಗಿಲ್ಲ, ನಮ್ಮದನ್ನೂ. ಪಂಕಜಕ್ಕನಿಗೆ ನಾನು ಇನ್ನೂ ಹೇಳಿಲ್ಲ. ಅವರು ಇದ್ದಿಲಿನ ಗೋಣಿಯನ್ನು ಬಿಸಿಲಿಗೆ ಇಟ್ಟಿದ್ದರು.

ಎಂತ ಮಾಡುವುದು, ಬರೆ.

ನಿನ್ನ ಶಾರ್ಲೆಟ್

*

ಮಾರ್ಚ್ 18, 2025

ಪ್ರೀತಿಯ ಶಾರ್ಲೆಟ್,

ಒಳ್ಳೆಯ ನಡತೆಗೆ ದಿನ ಕಡಿಮೆ ಮಾಡಿದ್ದಾರೆ. ಏಪ್ರಿಲ್ ಐದು, ಶನಿವಾರ ಬೆಳಿಗ್ಗೆ ಬಿಡುತ್ತಾರೆ. ಗೇಟಿನ ಹತ್ತಿರ ಬರಬೇಡ. ಅಮ್ಮನಿಗೆ ಸಂಜೆ ಬರುತ್ತೇನೆ ಎಂದು ಹೇಳು, ದೊಡ್ಡ ಸ್ವರದಲ್ಲಿ ಹೇಳು. ಮೊಂತಿ ಹಬ್ಬದ ಮೂರು ಕಾಳಿನಲ್ಲಿ ಒಂದನ್ನು ನಾನು ತಿಂದೆ, ಒಂದನ್ನು ಪಕ್ಕದವನಿಗೆ ಕೊಟ್ಟೆ, ಒಂದನ್ನು ಚೆನ್ನಪ್ಪನವರು ಪರ್ಸಿನಲ್ಲಿ ಇಟ್ಟುಕೊಂಡಿದ್ದಾರೆ.

ಪರ್ಮಿಟ್ ಹೋದದ್ದಕ್ಕೆ ಬೇಸರ ಉಂಟು, ಇಲ್ಲ ಎಂದರೆ ಸುಳ್ಳಾಗುತ್ತದೆ. ಇಪ್ಪತ್ತು ವರ್ಷ ಆ ಕೆಲಸ ಒಂದೇ ನನಗೆ ಗೊತ್ತಿದ್ದದ್ದು. ಇನ್ನು ಎಂತ ಮಾಡುತ್ತೇನೆ ಎಂದು ನೀನು ಕೇಳಬೇಡ, ನನಗೂ ಗೊತ್ತಿಲ್ಲ. ಗ್ರೈಂಡರಿನ ಬೆಲ್ಟನ್ನಾದರೂ ಹಾಕಲು ಬಿಡುತ್ತಾರೆ ಎಂದು ಎಣಿಸುತ್ತೇನೆ.

ಪಂಕಜಕ್ಕನ ಕಾಗದ ಅಂಗಿಯ ಜೇಬಿನಲ್ಲಿ ಉಂಟು. ಯಾವ ಗುಂಡಿ ತೋಡಿದರೂ ದೇವದಾಸಣ್ಣ ಬರುವುದಿಲ್ಲ. ಅದು ಅವರಿಗೂ ಗೊತ್ತು, ನನಗೂ ಗೊತ್ತು.

ಮೋಟಾರನ್ನು ವೈಂಡಿಂಗಿಗೆ ಕೊಡಿಸು. ಆ ಶನಿವಾರ ಮಧ್ಯಾಹ್ನ ಮೇಲೆ ಮ್ಯಾಕ್ಸಿಮ್ ಇನ್ನಂಜೆಗೆ ಬರಲಿ, ಅವನ ಪರ್ಮಿಟ್ ಸಮೇತ. ವೈರ್ ಜೋಡಿಸುವುದು ಅವನೇ, ಸ್ವಿಚ್ ಹಾಕುವುದು ಅವನೇ. ನಾನು ಕೈಕಟ್ಟಿ ದೂರ ನಿಲ್ಲುತ್ತೇನೆ. ಅಷ್ಟರ ಒಳಗೆ ಎಂಟು ಅಡಿ ಆಗಬೇಕು, ಆದ್ದರಿಂದ ನಾನು ಬಸ್ಸಿನಿಂದ ನೇರವಾಗಿ ಅಲ್ಲೇ ಇಳಿಯುತ್ತೇನೆ. ಗುಂಡಿ ತೋಡಲು ಯಾರ ಪರ್ಮಿಟ್ಟೂ ಬೇಡ.

ಹಾರೆ ಅವರಲ್ಲಿ ಇರಬಹುದು. ಇದ್ದಿಲು ಉಂಟು. ಕಲ್ಲುಪ್ಪು ನೀನು ತಾ.

ನಿನ್ನ ರಾಯ್‌ಸ್ಟನ್